ಪೆಡಲಿಗಿಂತ ಮುಂಚೆ ಅದರ ಹಿಂದೆ ಏನಿದೆ ನೋಡಿ: ಬುಟೀಕ್ ಪೆಡಲ್‌ಗಳ ಜೊತೆ ನನ್ನ ಅನುಭವ

ಬುಟೀಕ್ ಪೆಡಲ್ ಎಂದರೆ ಸಣ್ಣ ತಯಾರಕರು ಕಡಿಮೆ ಸಂಖ್ಯೆಯಲ್ಲಿ ಕಟ್ಟುವ, ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ. ಇಂಥ ದುಬಾರಿ ಪೆಡಲ್ ಕೈಗೆ ಬಂದ ಕೂಡಲೇ ನಾನು ನಾಬ್ ಮುಟ್ಟುವುದಿಲ್ಲ. ಮೊದಲು ಗಿಟಾರ್, ಒಂದು ಕೇಬಲ್, ಆ ಪೆಡಲ್, ಇನ್ನೊಂದು ಕೇಬಲ್, ಆಂಪ್ (ಆಂಪ್ಲಿಫೈಯರ್) ಇಷ್ಟನ್ನೇ ಇಟ್ಟುಕೊಂಡು ಕೇಳುತ್ತೇನೆ. ಬೋರ್ಡಿನಲ್ಲಿ ಎಂಟು ಪೆಡಲ್‌ಗಳ ನಡುವೆ ತುರುಕಿ ‘ಇದರಲ್ಲಿ ಏನೂ ಇಲ್ಲ’ ಎಂದು ಮಾರಿಬಿಡುವವರು ಬಹಳ. ಹಾಗೆ ಮಾರಿಹೋದ ಪೆಡಲ್‌ಗಳಲ್ಲಿ ಎಷ್ಟೋ ಸಲ ದೋಷ ಪೆಡಲಿನದಲ್ಲ, ಅದರ ಹಿಂದೆ ಮುಂದೆ ಇದ್ದದ್ದರದು.

ಕೇಬಲ್‌ನಿಂದಲೇ ಶುರು ಮಾಡೋಣ. ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಇರುತ್ತದೆ. ಪಿಕಪ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸುರುಳಿ. ಸಿಂಗಲ್ ಕಾಯಿಲ್ ಪಿಕಪ್‌ನ ಇಂಡಕ್ಟನ್ಸ್ 2.5 ಹೆನ್ರಿ, ಅದರ ಸುರುಳಿಯ ಸ್ವಂತ ಕೆಪಾಸಿಟನ್ಸ್ 100 ಪಿಕೋಫ್ಯಾರಡ್ ಎಂದುಕೊಂಡರೆ, 3 ಮೀಟರ್ ಕೇಬಲ್‌ನಲ್ಲಿ ಪಿಕಪ್‌ನ ರೆಸೊನೆನ್ಸ್ (ಅದು ಅತಿ ಹೆಚ್ಚು ಸ್ಪಂದಿಸುವ ಕಂಪನಾಂಕ) 5 ಕಿಲೋಹರ್ಟ್ಜ್ ಹತ್ತಿರ ಕೂರುತ್ತದೆ. 6 ಮೀಟರ್ ಆದರೆ 3.8ಕ್ಕೆ, 12 ಮೀಟರ್ ಆದರೆ 2.8ಕ್ಕೆ ಇಳಿಯುತ್ತದೆ. ಅಂದರೆ ಕೇಬಲ್ ಉದ್ದವಾದಷ್ಟೂ ಸದ್ದಿನ ಹೊಳಪು ಕಡಿಮೆ. ಟ್ರೂ ಬೈಪಾಸ್ (ಆಫ್ ಮಾಡಿದಾಗ ಸಿಗ್ನಲನ್ನು ಸರ್ಕ್ಯೂಟ್ ತಪ್ಪಿಸಿ ನೇರ ದಾಟಿಸುವ) ಪೆಡಲ್‌ಗಳನ್ನೇ ಸಾಲಾಗಿ ಇಟ್ಟು ಎಲ್ಲವನ್ನೂ ಆಫ್ ಮಾಡಿದರೆ ಇಡೀ ಬೋರ್ಡಿನ ವೈರ್ ಆ ಪಿಕಪ್ಪಿನ ತಲೆಯ ಮೇಲೇ ಕೂರುತ್ತದೆ. ‘ಟ್ರೂ ಬೈಪಾಸ್ ಇದ್ದರೆ ಸೌಂಡ್ ಕೆಡುವುದಿಲ್ಲ’ ಎನ್ನುವ ಮಾತು ಅರ್ಧ ಸತ್ಯ. ಸಾಲಿನಲ್ಲಿ ಒಂದಾದರೂ ಒಳ್ಳೆಯ ಬಫರ್ (ಪಿಕಪ್ಪಿನ ಮೇಲೆ ಭಾರ ಬೀಳದಂತೆ ಸಿಗ್ನಲನ್ನು ಮುಂದೆ ದಾಟಿಸುವ ಸರ್ಕ್ಯೂಟ್) ಬೇಕು. ಅದನ್ನು ಎಲ್ಲಿ ಇಡಬೇಕು ಎನ್ನುವುದನ್ನು ತೀರ್ಮಾನಿಸುವುದು ಫಝ್, ಅಂದರೆ ಸದ್ದನ್ನು ಒರಟಾಗಿ ಒಡೆಯುವ ಪೆಡಲ್.

ಫಝ್ ಫೇಸ್ 1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸರ್ಕ್ಯೂಟ್. ಎರಡು ಟ್ರಾನ್ಸಿಸ್ಟರ್, ಬೆರಳೆಣಿಕೆಯ ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ನಾಬ್. ಇಂದಿನ ಬುಟೀಕ್ ಫಝ್‌ಗಳಲ್ಲಿ ದೊಡ್ಡ ಪಾಲು ಇದರ ಮಕ್ಕಳು, ಮೊಮ್ಮಕ್ಕಳು. ಇದರ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ಕೆಲವೇ ಕಿಲೋಓಮ್. ಹಾಗಾಗಿ ಪಿಕಪ್ ಮತ್ತು ಗಿಟಾರಿನ ವಾಲ್ಯೂಮ್ ಪಾಟ್ (ನಾಬ್ ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ಎರಡೂ ಆ ಸರ್ಕ್ಯೂಟಿನ ಭಾಗವೇ ಆಗಿಬಿಡುತ್ತವೆ. ಗಿಟಾರ್ ವಾಲ್ಯೂಮನ್ನು 10ರಿಂದ 7ಕ್ಕೆ ಇಳಿಸಿದರೆ ಫಝ್ ಕರಗಿ ಗಾಜಿನಂಥ ಸ್ವಚ್ಛ ಸದ್ದು ಬರುವುದು ಇದರಿಂದಲೇ. ಪಾಟ್‌ನ ರೆಸಿಸ್ಟೆನ್ಸ್ ಸಾಲಿಗೆ ಸೇರಿ ಮೊದಲ ಟ್ರಾನ್ಸಿಸ್ಟರಿಗೆ ಹೋಗುವ ಕರೆಂಟ್ ಕಡಿಮೆಯಾಗುತ್ತದೆ. ನಡುವೆ ಬಫರ್ ಬಂದರೆ ಈ ನಂಟು ಕಡಿದುಹೋಗುತ್ತದೆ. ಸದ್ದು ಕಿರಿಕಿರಿ, ತೆಳು, ವಾಲ್ಯೂಮ್ ತಿರುಗಿಸಿದರೂ ಹದಕ್ಕೆ ಬರುವುದಿಲ್ಲ. ಆಫ್ ಇದ್ದಾಗಲೂ ಒಳಗಿನ ಬಫರ್ ಚಾಲೂ ಇರುವ ಟ್ಯೂನರ್ ಪೆಡಲ್, ವೈರ್‌ಲೆಸ್ ರಿಸೀವರ್ ಇವೂ ಬಫರ್‌ಗಳೇ ಎನ್ನುವುದನ್ನು ಮರೆಯಬೇಡಿ. ನನ್ನ ಬೋರ್ಡಿನಲ್ಲಿ ಗಿಟಾರಿನಿಂದ ನೇರ ಫಝ್‌ಗೆ, ಅದರ ಬೆನ್ನಿಗೇ ಬಫರ್, ಆಮೇಲೆ ಟ್ಯೂನರ್ ಮತ್ತು ಉಳಿದವು. ಸಿಗ್ನಲ್ ಮೊದಲು ವಾಹ್‌ಗೆ (ಪಾದದಿಂದ ತೂಗಿ ‘ವಾ ವಾ’ ಎನ್ನಿಸುವ ಪೆಡಲ್), ಆಮೇಲೆ ಫಝ್‌ಗೆ ಹೋದಾಗ ವಾಹ್‌ನ ಬೀಸು ಸತ್ತುಹೋಗುವುದಕ್ಕೂ ಈ ಕಡಿಮೆ ಇಂಪೀಡೆನ್ಸೇ ಕಾರಣ.

ಇಲ್ಲಿ ಇನ್ನೊಂದು ಮಾತು. ಪೆಡಲ್ ಪರೀಕ್ಷಿಸಲು ಅದಕ್ಕಿಂತ ಮೊದಲು ಲೂಪರ್ (ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಪೆಡಲ್) ಇಟ್ಟು, ಒಂದು ರಿಫ್ (ಪುಟ್ಟ ಸ್ವರಗುಚ್ಛ) ರೆಕಾರ್ಡ್ ಮಾಡಿ, ಎರಡೂ ಕೈಯಲ್ಲಿ ನಾಬ್ ತಿರುಗಿಸುವುದು ನನಗೆ ಬಹಳ ಇಷ್ಟದ ವಿಧಾನ. ಓವರ್‌ಡ್ರೈವ್ (ಸದ್ದನ್ನು ಮೃದುವಾಗಿ ಒಡೆಯುವುದು), ಡಿಲೇ (ಮರುದನಿ ಕೊಡುವುದು), ರಿವರ್ಬ್‌ಗೆ (ಕೋಣೆಯ ಗುಂಗು ಕೊಡುವುದು) ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಫಝ್‌ಗೆ ಮಾತ್ರ ಇದು ಸುಳ್ಳು ಹೇಳುತ್ತದೆ, ಲೂಪರಿನ ಔಟ್‌ಪುಟ್ ಪಿಕಪ್ಪಿನ ಹಾಗೆ ವರ್ತಿಸುವುದಿಲ್ಲ. ಫಝ್ ಅನ್ನು ಕೈಯಾರೆ ನುಡಿಸಿಯೇ ಕೇಳಬೇಕು.

ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಝ್ ಆದರೆ ಬಿಸಿಲೂ ಒಂದು ನಾಬ್ ಇದ್ದ ಹಾಗೆ. ಅದರ ಲೀಕೇಜ್ ಕರೆಂಟ್ (ಬೇಡದಿದ್ದರೂ ಸೋರುವ ಕರೆಂಟ್) ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಎರಡು ಪಟ್ಟಾಗುತ್ತದೆ. ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ ಹದ ಮಾಡಿದ ಪೆಡಲ್ ಏಪ್ರಿಲ್‌ನಲ್ಲಿ ಕಲಬುರಗಿಯ ತೆರೆದ ವೇದಿಕೆಯ ಮೇಲೆ ಸ್ವರದ ಬಾಲವನ್ನು ಕತ್ತರಿಸಿ ಉಗುಳತೊಡಗುವುದು ಸಹಜ. ಅದಕ್ಕೇ ನಾನು ಕಟ್ಟುವಾಗ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ ಬರುವ 8.2 ಕಿಲೋಓಮ್ ರೆಸಿಸ್ಟರಿನ ಜಾಗದಲ್ಲಿ 20 ಕಿಲೋಓಮ್ ಟ್ರಿಮ್ಮರ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಪಾಟ್) ಹಾಕುತ್ತೇನೆ. ಆ ಕಲೆಕ್ಟರಿನಲ್ಲಿ 4.5 ವೋಲ್ಟ್ ಬರುವಂತೆ ತಿರುಗಿಸಿ, ಅಲ್ಲಿಂದ ಕಿವಿಯಿಂದ ಅರ್ಧ ವೋಲ್ಟ್ ಆಚೀಚೆ ಹೊಂದಿಸುತ್ತೇನೆ. ಕೊಂಡ ಪೆಡಲ್‌ಗಳಲ್ಲೂ ‘ಬಯಾಸ್’ ಎಂದು ಬರೆದ ಪುಟ್ಟ ನಾಬ್ ಇದ್ದರೆ ಅದು ಇದೇ ಕೆಲಸಕ್ಕೆ.

ರೆಸಿಸ್ಟರ್, ಕೆಪಾಸಿಟರ್, ಜ್ಯಾಕ್ ಎಲ್ಲವೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಮಾತ್ರ ಎಲ್ಲಿ ಕೊಂಡರೂ ಒಂದೊಂದನ್ನೂ ಅಳೆಯಬೇಕು. ಮಲ್ಟಿಮೀಟರಿನ ಗೇನ್ (ಎಷ್ಟು ಪಟ್ಟು ವರ್ಧಿಸುತ್ತದೆ ಎಂಬ ಅಂಕಿ) ಅಳೆಯುವ ಸಾಕೆಟ್ ಲೀಕೇಜನ್ನೂ ಗೇನ್ ಎಂದೇ ಎಣಿಸುತ್ತದೆ, ಅದನ್ನು ನಂಬಬೇಡಿ. ಟ್ರಾನ್ಸಿಸ್ಟರ್ ಪಿಎನ್‌ಪಿ ಬಗೆಯದಾದರೆ ಎಮಿಟರನ್ನು 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಸೇರಿಸಿ, ಕಲೆಕ್ಟರಿನಿಂದ ಮೈನಸ್‌ಗೆ 2.47 ಕಿಲೋಓಮ್ ಹಾಕಿ (2.4 ಕಿಲೋಓಮ್ ಜೊತೆ ಸಾಲಾಗಿ 68 ಓಮ್ ಸಾಕು). ಬೇಸ್ ಖಾಲಿ ಬಿಟ್ಟು ಆ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಓದಿ: ಅದು ಲೀಕೇಜ್. ನಂತರ ಬೇಸ್‌ನಿಂದ ಮೈನಸ್‌ಗೆ 2.2 ಮೆಗಾಓಮ್ ಸೇರಿಸಿ ಮತ್ತೆ ಓದಿ. ಎರಡರ ವ್ಯತ್ಯಾಸವನ್ನು 100ರಿಂದ ಗುಣಿಸಿದರೆ ನಿಜವಾದ ಗೇನ್. ಮೊದಲು 0.35, ಆಮೇಲೆ 1.35 ಬಂದರೆ ಗೇನ್ 100, ಲೀಕೇಜ್ ಸುಮಾರು 140 ಮೈಕ್ರೋಆಂಪ್. ಮೊದಲ ಜಾಗಕ್ಕೆ ಗೇನ್ 70ರ ಆಸುಪಾಸಿನದು, ಎರಡನೆಯದಕ್ಕೆ 110ರಿಂದ 130ರದು, ಎರಡರಲ್ಲೂ ಲೀಕೇಜ್ 0.2 ವೋಲ್ಟ್ ಒಳಗೆ. ಬೆರಳಲ್ಲಿ ಹಿಡಿದು ಚುಚ್ಚಿದ ತಕ್ಷಣ ಓದಬಾರದು, ಮೈಯ ಬಿಸಿಗೇ ಅಂಕಿ ಮೇಲೇರುತ್ತದೆ. ಒಂದೆರಡು ನಿಮಿಷ ಬಿಡಿ. ಸೋಲ್ಡರ್ ಮಾಡುವಾಗ ಕಾಲಿಗೆ ಕ್ರಾಕಡೈಲ್ ಕ್ಲಿಪ್ ಕಚ್ಚಿಸಿ ಬಿಸಿ ಹೀರಿಸಿ, ಇಲ್ಲವೇ ಸಾಕೆಟ್ ಹಾಕಿ.

ಈ ಹಳೆಯ ಪಿಎನ್‌ಪಿ ಫಝ್‌ಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಗ್ರೌಂಡ್. ಉಳಿದ ಪೆಡಲ್‌ಗಳ ಜೊತೆ ಒಂದೇ ಡೈಸಿ ಚೈನ್ (ಒಂದು ಸಪ್ಲೈಯನ್ನು ಹಲವು ಪೆಡಲ್‌ಗಳಿಗೆ ಹಂಚುವ) ವೈರಿಗೆ ಚುಚ್ಚಿದರೆ ಆಡಿಯೋ ಕೇಬಲ್‌ನ ಗ್ರೌಂಡ್ ಮೂಲಕ ಸಪ್ಲೈ ಶಾರ್ಟ್ ಆಗುತ್ತದೆ. ಬ್ಯಾಟರಿಯೇ ಸುಲಭ. ಈ ಸರ್ಕ್ಯೂಟ್ ಎಳೆಯುವುದು 1 ಮಿಲಿಆಂಪ್‌ಗಿಂತ ಕಡಿಮೆ, ತಿಂಗಳುಗಟ್ಟಲೆ ಬರುತ್ತದೆ. ಆದರೆ ಇನ್‌ಪುಟ್ ಜ್ಯಾಕೇ ಬ್ಯಾಟರಿಯ ಸ್ವಿಚ್, ನುಡಿಸಿದ ಮೇಲೆ ಕೇಬಲ್ ಕಿತ್ತಿಡಬೇಕು.

ಕ್ಲಾನ್ ಸೆಂಟಾರ್ ಎಂಬ ಓವರ್‌ಡ್ರೈವ್ ಪೆಡಲಿನ ಕಥೆ ಬೇರೆ. ಬಿಲ್ ಫಿನೆಗನ್ 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ಈ ಪೆಡಲಿನ ಸರ್ಕ್ಯೂಟಿನ ಮೇಲೆ ಯಾರೂ ನಕಲು ಮಾಡದಿರಲೆಂದು ಎಪಾಕ್ಸಿ ಸುರಿದಿದ್ದರು. ಆದರೂ ನಕಲುಗಳು ಲೆಕ್ಕವಿಲ್ಲದಷ್ಟು ಬಂದವು. ಅದರ ಗೇನ್ ನಾಬ್ ಜೋಡಿ ಪಾಟ್: ಗೇನ್ ಏರಿಸುತ್ತಿದ್ದಂತೆ ಕ್ಲೀನ್ ಸದ್ದಿನ ಪಾಲನ್ನು ಇಳಿಸುತ್ತದೆ. ಹೀಗಾಗಿ ಗೇನ್ ಕಡಿಮೆ ಇಟ್ಟು ವಾಲ್ಯೂಮ್ ಏರಿಸಿದಾಗ ಇದು ಮುಖ್ಯವಾಗಿ ಬೂಸ್ಟ್. ಒಡೆಯುವುದಕ್ಕೆ ಕಾಯುತ್ತಿರುವ ವಾಲ್ವ್ ಆಂಪ್ ಮುಂದಿದ್ದರೆ ಇದರ ಬೆಲೆ ಗೊತ್ತಾಗುತ್ತದೆ. ತಣ್ಣಗಿನ ಟ್ರಾನ್ಸಿಸ್ಟರ್ ಆಂಪ್ ಇದ್ದರೆ ‘ಜೋರಾಯಿತು, ಅಷ್ಟೆ’ ಅನ್ನಿಸುತ್ತದೆ. ಒಳಗೆ ಚಾರ್ಜ್ ಪಂಪ್ ಚಿಪ್ ಒಂದು 9 ವೋಲ್ಟನ್ನು ಏರಿಸಿ ಕೊಡುತ್ತದೆ. ಮ್ಯಾಕ್ಸ್1044 ಥರದ ಚಿಪ್ ತಡೆಯುವುದು 10 ವೋಲ್ಟ್ ಆಸುಪಾಸು ಮಾತ್ರ. ‘18 ವೋಲ್ಟ್ ಕೊಟ್ಟರೆ ಹೆಡ್‌ರೂಮ್ (ಒಡೆಯುವ ಮುನ್ನ ಸದ್ದಿಗಿರುವ ಜಾಗ) ಹೆಚ್ಚು’ ಎಂದು ಇಂಥ ಪೆಡಲಿಗೆ ಕೊಟ್ಟರೆ ಚಿಪ್ ಅಲ್ಲೇ ಸಾಯುತ್ತದೆ. ರೆಗ್ಯುಲೇಟರ್ ಇಲ್ಲದ ಹಳೇ ಅಡಾಪ್ಟರ್‌ಗಳ ಮೇಲೆ 9 ಎಂದು ಬರೆದಿದ್ದರೂ ಭಾರವಿಲ್ಲದಾಗ 12–13 ವೋಲ್ಟ್ ಬರುವುದುಂಟು, ಚುಚ್ಚುವ ಮುಂಚೆ ಮೀಟರ್ ಇಟ್ಟು ನೋಡಿ. ಪ್ಲಗ್ಗಿನ ಮಧ್ಯದ ತೂತು ಮೈನಸ್ ಇರಬೇಕು ಎನ್ನುವುದನ್ನೂ ಆಗಲೇ ಖಚಿತಪಡಿಸಿಕೊಳ್ಳಿ.

ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಮನೆತನದ ಪೆಡಲ್‌ಗಳಲ್ಲಿ ಸದ್ದನ್ನು ಒಡೆಯುವ ಡಯೋಡ್‌ಗಳು ಆಪ್-ಆಂಪ್‌ನ (ವರ್ಧಿಸುವ ಚಿಪ್‌ನ) ಫೀಡ್‌ಬ್ಯಾಕ್‌ನಲ್ಲಿ ಇರುತ್ತವೆ. 4.7 ಕಿಲೋಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸೇರಿ 720 ಹರ್ಟ್ಜ್ ಕೆಳಗಿನದಕ್ಕೆ ಗೇನ್ ಇಳಿಸುತ್ತಾ ಹೋಗುತ್ತವೆ. ಡ್ರೈವ್ ಪೂರ್ತಿ ಇಳಿಸಿದರೂ ಗೇನ್ 12ರ ಹತ್ತಿರ ಉಳಿಯುತ್ತದೆ, ಏರಿಸಿದರೆ 118. ಮಂದ್ರ ತಂತಿಗಳು ಕೆಸರಾಗದೆ ಬಿಗಿಯಾಗಿ ಕೇಳುವುದಕ್ಕೆ ಈ ಕಡಿತವೇ ಕಾರಣ. ಒಬ್ಬರೇ ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳುವಾಗ ಮೂಗಿನಲ್ಲಿ ಹಾಡಿದಂತೆ ಅನಿಸುವುದಕ್ಕೂ ಅದೇ ಕಾರಣ. ಬಾಸ್ ಗಿಟಾರ್, ಡ್ರಮ್ಸ್ ಜೊತೆ ಕೇಳದೆ ಈ ಪೆಡಲನ್ನು ತಿರಸ್ಕರಿಸಬೇಡಿ.

ಎರಡು ಓವರ್‌ಡ್ರೈವ್ ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡಿಕೊಳ್ಳಿ. 2 ಡೆಸಿಬೆಲ್ ಜೋರಿದ್ದದ್ದೇ ಕಿವಿಗೆ ‘ಚೆನ್ನಾಗಿದೆ’ ಅನ್ನಿಸುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರಿನ ಮೀಟರ್ ನೋಡಿ 1 ಡೆಸಿಬೆಲ್ ಒಳಗೆ ತಂದ ಮೇಲೆ ಎಷ್ಟೋ ‘ಅಜಗಜಾಂತರ’ಗಳು ಮಾಯವಾಗುತ್ತವೆ. ಉಳಿಯುವ ವ್ಯತ್ಯಾಸಕ್ಕೆ ಮಾತ್ರ ದುಡ್ಡು ಕೊಡಿ.

ಗುಂಯ್ ಶಬ್ದ ಬಂದರೆ ಗಿಟಾರ್ ವಾಲ್ಯೂಮ್ ಸೊನ್ನೆ ಮಾಡಿ. ನಿಂತರೆ ಅದು ಪಿಕಪ್ ಹಿಡಿದದ್ದು, ನೀವು ಕೂತ ದಿಕ್ಕು ಬದಲಿಸಿ ನೋಡಿ. ನಿಲ್ಲದಿದ್ದರೆ ಸಪ್ಲೈ ಕಡೆ ತಿರುಗಿ. ಡಿಜಿಟಲ್ ಡಿಲೇ 100ರಿಂದ 300 ಮಿಲಿಆಂಪ್ ಎಳೆಯುತ್ತದೆ, ಅದರ ಚಿಪ್‌ನ ಕ್ಲಾಕ್ ಸಿಗ್ನಲ್‌ನ ಗದ್ದಲ ಹಂಚಿಕೊಂಡ ವೈರಿನಲ್ಲಿ ಓವರ್‌ಡ್ರೈವ್‌ಗೆ ಹೊಕ್ಕು ಕೀರಲು ದನಿಯಾಗಿ ಬರುತ್ತದೆ. ಅದಕ್ಕೆ ಪ್ರತ್ಯೇಕ, ಐಸೊಲೇಟೆಡ್ ಔಟ್‌ಪುಟ್ ಕೊಡಿ. ಕರೆಂಟ್ ಹೋದಾಗ ಮಾತ್ರ ಗುಂಯ್ ಎಂದರೆ ಮನೆಯ ಸ್ಕ್ವೇರ್ ವೇವ್ ಇನ್ವರ್ಟರನ್ನು ಮೊದಲು ಅನುಮಾನಿಸಿ, ಕರೆಂಟ್ ಬಂದ ಮೇಲೆ ಅದೇ ಸೆಟಿಂಗ್‌ನಲ್ಲಿ ಇನ್ನೊಮ್ಮೆ ಕೇಳಿ.