ಹೊಸ ಬ್ಯಾಟರಿ ತರುವ ಮೊದಲು ಬೈಕಿನ ಮ್ಯಾಗ್ನೆಟ್ ನೋಡಿ

ಸೆಲ್ಫ್ ಒತ್ತಿದರೆ ಬೈಕ್ ಬರೀ ಟಕ್ ಟಕ್ ಅನ್ನುತ್ತದೆ, ಹಾರ್ನ್ ಗಂಟಲು ಕಟ್ಟಿದೆ. ಬ್ಯಾಟರಿ ಹೋಯ್ತು ಅಂತ ಸೀದಾ ಅಂಗಡಿಗೆ ಹೋಗಬೇಡಿ. ಬ್ಯಾಟರಿಯನ್ನು ತುಂಬಿಸುವುದು ಎಂಜಿನ್ ಪಕ್ಕದ ಮುಚ್ಚಳದೊಳಗೆ ತಿರುಗುವ ಆಯಸ್ಕಾಂತ. ಅಲ್ಲೇ ತೊಂದರೆ ಇದ್ದರೆ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಮಲಗುತ್ತದೆ.

ಒಳಗೆ ಉಕ್ಕಿನ ಬಟ್ಟಲಿನಂಥ ಚಕ್ರ ಇದೆ. ಅದರ ಒಳಗೋಡೆಗೆ ಆಯಸ್ಕಾಂತದ ತುಂಡುಗಳು, ನಡುವೆ ಅಲುಗಾಡದ ತಾಮ್ರದ ಕಾಯಿಲ್. ಚಕ್ರ ತಿರುಗಿದಾಗ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ್ದು ಇದನ್ನೇ. ಹುಟ್ಟುವುದು ಎಸಿ, ಬ್ಯಾಟರಿಗೆ ಬೇಕಾದದ್ದು ಡಿಸಿ. ಆ ಬದಲಾವಣೆ ಮಾಡುವುದು ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯುನಿಟ್, ವೋಲ್ಟೇಜ್ ಮಿತಿ ಮೀರದಂತೆ ತಡೆಯುವುದೂ ಅದೇ.

ಪರೀಕ್ಷೆಗೆ ಒಂದು ಸಾದಾ ಮಲ್ಟಿಮೀಟರ್ ಸಾಕು. ಬೈಕನ್ನು ಬಯಲಿನಲ್ಲಿ ನಿಲ್ಲಿಸಿ, ಮೀಟರನ್ನು ಡಿಸಿ 20ಕ್ಕೆ ಇಟ್ಟು ಬ್ಯಾಟರಿಯ ಎರಡೂ ತುದಿಗೆ ಹಿಡಿಯಿರಿ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ತುಂಬಿದೆ ಅಂತ. ಈಗ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಡಿ. 13.5ರಿಂದ 14.5ರ ಒಳಗೆ ಬಂದರೆ ಚಾರ್ಜಿಂಗ್ ಸರಿ ಇದೆ, ಬ್ಯಾಟರಿಯನ್ನೇ ಅನುಮಾನಿಸಿ. ರೇಸ್ ಕೊಟ್ಟರೂ ಏರದಿದ್ದರೆ ಮುಂದಕ್ಕೆ ಹೋಗೋಣ. 15 ದಾಟಿದರೆ ಆರ್‌ಆರ್ ಯುನಿಟ್ ಕೆಟ್ಟಿದೆ, ಹಾಗೇ ಓಡಿಸಿದರೆ ಬ್ಯಾಟರಿ ಬೆಂದು ಹೋಗುತ್ತದೆ.

ಎಂಜಿನ್ ಬಂದ್ ಮಾಡಿ, ಕಾಯಿಲ್‌ನಿಂದ ಆರ್‌ಆರ್ ಯುನಿಟ್‌ಗೆ ಹೋಗುವ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ. ಬ್ಯಾಟರಿ ಮಾತ್ರ ಬಿಚ್ಚಬೇಡಿ. ಕಪ್ಲರ್ ಪಿನ್ ಕಪ್ಪಾಗಿ ಕರಗಿದ್ದರೆ ಕಳ್ಳ ಅಲ್ಲೇ ಸಿಕ್ಕ. ಈಗಿನ ಬಹಳಷ್ಟು ಬೈಕುಗಳಲ್ಲಿ ಒಂದೇ ಬಣ್ಣದ ಮೂರು ವೈರ್ ಇರುತ್ತವೆ, ಸಾಮಾನ್ಯವಾಗಿ ಹಳದಿ. ಮೀಟರ್ ಬಜರ್‌ಗೆ ಹಾಕಿ ಒಂದೊಂದು ವೈರಿಗೂ ಎಂಜಿನ್ ಬಾಡಿಗೂ ಹಿಡಿಯಿರಿ, ಕೂಗಿದರೆ ಕಾಯಿಲ್ ಸುಟ್ಟಿದೆ. ಕೂಗದಿದ್ದರೆ ಮೀಟರನ್ನು ಎಸಿಗೆ ಹಾಕಿ, ಸ್ಟಾರ್ಟ್ ಮಾಡಿ, ಎರಡೆರಡು ವೈರಿನ ನಡುವೆ ಅಳೆಯಿರಿ. ಮೂರೂ ಜೋಡಿ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿ ರೇಸ್ ಜೊತೆ ಏರಬೇಕು. ಏರಿದರೆ ಮ್ಯಾಗ್ನೆಟ್, ಕಾಯಿಲ್ ಎರಡೂ ಗಟ್ಟಿ, ತಪ್ಪು ಆರ್‌ಆರ್ ಯುನಿಟ್‌ನದ್ದು ಅಥವಾ ಅಲ್ಲಿಂದ ಮುಂದಿನ ವೈರಿಂಗ್‌ನದ್ದು. ಆರ್‌ಆರ್ ಯುನಿಟ್‌ನ ರೆಕ್ಕೆಗಳಲ್ಲಿ ಎರೆಮಣ್ಣು ಒಣಗಿ ಕೂತಿದ್ದರೆ ಕೆರೆದು ತೆಗೆಯಿರಿ, ಗಾಳಿ ಆಡದೆ ಅದು ಕಾಯುತ್ತದೆ. ಹಳೆಯ ಬೈಕುಗಳಲ್ಲಿ ಕಾಯಿಲ್‌ನ ಒಂದು ತುದಿ ಬಾಡಿಗೇ ಅರ್ಥ್ ಆಗಿರಬಹುದು, ಹಾಗಿದ್ದರೆ ಈ ಲೆಕ್ಕ ಹಿಡಿಯುವುದಿಲ್ಲ, ಮೆಕ್ಯಾನಿಕ್‌ಗೆ ತೋರಿಸಿ.

ವಿಜಯಪುರದ ಬೇಸಿಗೆ ಬಿಸಿಲಿಗೆ ಆಯಸ್ಕಾಂತ ಸತ್ತುಹೋಗುತ್ತೆ ಅನ್ನೋ ಭಯ ಬೇಡ. ಇದರಲ್ಲಿ ಸಾಮಾನ್ಯವಾಗಿ ಇರುವ ಫೆರೈಟ್ (ಕಬ್ಬಿಣದ ಆಕ್ಸೈಡ್‌ನಿಂದ ಮಾಡಿದ) ಆಯಸ್ಕಾಂತ ಪೂರ್ತಿ ಶಕ್ತಿ ಕಳೆದುಕೊಳ್ಳಲು 450 ಡಿಗ್ರಿ ಆಸುಪಾಸು ಬೇಕು. ಅದನ್ನು ಹಾಳು ಮಾಡುವುದು ಸುತ್ತಿಗೆ. ಚಕ್ರ ಬಿಚ್ಚಬೇಕಾದರೆ ಅದನ್ನು ಎಳೆದು ತೆಗೆಯುವ ಸಾಧನ, ಮ್ಯಾಗ್ನೆಟ್ ಪುಲ್ಲರ್ ಬೇಕೇ ಬೇಕು, ಅದಿಲ್ಲದೆ ಹೊಡೆದು ಬಿಚ್ಚುತ್ತೇನೆ ಅನ್ನುವವರ ಕೈಗೆ ಗಾಡಿ ಕೊಡಬೇಡಿ. ಫೆರೈಟ್ ಮಡಕೆ ಚೂರಿನಷ್ಟೇ ಪೆಡಸು, ಏಟು ಬಿದ್ದರೆ ಒಡೆಯುತ್ತದೆ.

ಬಿಚ್ಚಿದ ಚಕ್ರವನ್ನು ನೆಲದ ಮೇಲೆ ಇಡಲು ಬಿಡಬೇಡಿ. ಬೆಳಗಾವಿಯ ಉದ್ಯಮಬಾಗದ ಕಡೆ ಲೇತ್ ಪಕ್ಕದ ಗ್ಯಾರೇಜ್ ಆದರಂತೂ ಕಬ್ಬಿಣದ ಪುಡಿ ಎಲ್ಲೆಲ್ಲೂ ಇರುತ್ತದೆ, ಚಕ್ರ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಒಳಗೋಡೆಗೆ ಒಂದು ಸಣ್ಣ ಬೋಲ್ಟ್ ಅಂಟಿದ್ದರೂ ಸ್ಟಾರ್ಟ್ ಮಾಡಿದೊಡನೆ ಕಾಯಿಲ್ ಹರಿದು ಹಾಕುತ್ತದೆ. ಮುಚ್ಚಳ ಹಾಕುವ ಮುಂಚೆ ಒಳಗೆ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ.