ಮಡಿಕೇರಿ ಮಳೆಯಲ್ಲಿ ಮೀನಿಗೆ ಬಣ್ಣ ತಿನ್ನಿಸಿದ್ದು

ಅಂಗಡಿಯಲ್ಲಿ ಕೆಂಪಗೆ ಹೊಳೆಯುತ್ತಿದ್ದ ಸ್ವೋರ್ಡ್‌ಟೇಲ್ ಮೀನು ಮನೆಗೆ ಬಂದು ಕೆಲವು ತಿಂಗಳಿಗೆ ಮಾಸಲು ಕಿತ್ತಳೆ ಆಗಿಬಿಡುತ್ತದೆ. ಅಕ್ವೇರಿಯಂ ಇಟ್ಟವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ಮಡಿಕೇರಿಯ ನಮ್ಮ ಮನೆಯಲ್ಲೂ ಹಾಗೇ ಆಗುತ್ತಿತ್ತು, ಅದೂ ಮಳೆಗಾಲ ಮುಗಿಯುವ ಹೊತ್ತಿಗೆ ಜಾಸ್ತಿ. ನೀರು ಸರಿ ಇತ್ತು, ಮೀನು ಚುರುಕಾಗಿಯೇ ಇತ್ತು. ಅನುಮಾನ ಬಂದಿದ್ದು ಫೀಡ್ ಡಬ್ಬಿಯ ಮೇಲೆ.

ಮೀನಿನ ಮೈಮೇಲಿನ ಕೆಂಪು, ಕಿತ್ತಳೆ, ಹಳದಿ ಬರುವುದು ಕ್ಯಾರೊಟಿನಾಯ್ಡ್ ಅನ್ನುವ ಬಣ್ಣದ ಅಂಶಗಳಿಂದ. ಮೀನು ಇದನ್ನು ತಾನೇ ತಯಾರಿಸಿಕೊಳ್ಳಲಾರದು, ತಿಂದೇ ಪಡೆಯಬೇಕು. ಹೊಳೆಯಲ್ಲಿದ್ದರೆ ಪಾಚಿ, ಪಾಚಿ ತಿನ್ನುವ ಸಣ್ಣ ಸಿಗಡಿ ಜಾತಿಯ ಹುಳಗಳಿಂದ ಸಿಗುತ್ತದೆ. ಟ್ಯಾಂಕಿನಲ್ಲಿ ನಾವು ಹಾಕಿದ್ದೇ ಗತಿ. ಸಾಕಿದ ಸಾಲ್ಮನ್ ಮೀನಿನ ಮಾಂಸ ಗುಲಾಬಿ ಬಣ್ಣಕ್ಕೆ ಬರುವುದೂ ಫೀಡಿಗೆ ಸೇರಿಸುವ ಇಂಥದೇ ಒಂದು ಅಂಶವಾದ ಅಸ್ಟಾಕ್ಸಾಂತಿನ್‌ನಿಂದಲೇ. ಗೋಲ್ಡ್ ಫಿಶ್ ಸ್ವಲ್ಪ ಜಾಣ. ಮೆಕ್ಕೆಜೋಳ, ಸ್ಪಿರುಲಿನಾ ಅನ್ನುವ ಪಾಚಿಯ ಪುಡಿಯಲ್ಲಿರುವ ಝಿಯಾಕ್ಸಾಂತಿನ್ ಅನ್ನುವ ಹಳದಿ ಅಂಶವನ್ನು ತಿಂದು ಅದನ್ನೇ ಕೆಂಪು ಅಸ್ಟಾಕ್ಸಾಂತಿನ್ ಮಾಡಿಕೊಳ್ಳುತ್ತದೆ. ಎಲ್ಲ ಮೀನಿಗೂ ಆ ಶಕ್ತಿ ಇಲ್ಲ.

ನೀಲಿಯ ಕತೆ ಬೇರೆ. ನಿಯಾನ್ ಟೆಟ್ರಾದ ನೀಲಿ ಗೆರೆ ಬಣ್ಣವೇ ಅಲ್ಲ. ಚರ್ಮದೊಳಗಿನ ಗ್ವಾನಿನ್ ಹರಳುಗಳಿಗೆ ಬೆಳಕು ಬಿದ್ದು ಹಾಗೆ ಕಾಣುತ್ತದೆ ಅಷ್ಟೆ. ಹಾಗಾಗಿ ‘ಇದು ಹಾಕಿ, ನೀಲಿ ಜಾಸ್ತಿ ಆಗುತ್ತೆ’ ಅಂತ ಯಾರಾದರೂ ಪ್ಯಾಕೆಟ್ ಕೊಟ್ಟರೆ ನಾನು ತೆಗೆದುಕೊಳ್ಳುವುದಿಲ್ಲ. ಕೆಂಪು ಜಾತಿಯ ಮೀನಿಗೆ ಕೆಂಪು ತುಂಬಿಸಬಹುದು, ಬಿಳಿ ಮೀನನ್ನು ಕೆಂಪು ಮಾಡಲು ಆಗುವುದಿಲ್ಲ.

ಈಗ ಡಬ್ಬಿಯ ವಿಷಯ. ಈ ಬಣ್ಣದ ಅಂಶಗಳು ಗಾಳಿ, ಬೆಳಕು, ಬಿಸಿ ಮೂರಕ್ಕೂ ಕೆಡುತ್ತವೆ. ಜೊತೆಗೆ ನಮ್ಮ ಊರಿನ ತೇವ. ಜೂನ್‌ನಿಂದ ಆಗಸ್ಟ್‌ವರೆಗೆ ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ದಿನಕ್ಕೆರಡು ಸಲ ಮುಚ್ಚಳ ತೆಗೆಯುವ ಫೀಡ್ ಉಳಿದೀತೇ? ಅಗ್ಗ ಅಂತ ಒಂದು ಕೆಜಿ ಪ್ಯಾಕೆಟ್ ತಂದರೆ ಜುಲೈ ಮಧ್ಯಕ್ಕೆ ಶುರುವಾಗುವ ನಮ್ಮ ಕಕ್ಕಡ ತಿಂಗಳು ಬರುವಷ್ಟರಲ್ಲಿ ಅದರಲ್ಲಿ ಬಣ್ಣವೂ ಇಲ್ಲ, ವಿಟಮಿನ್ ಸಿ ಕೂಡ ಇಲ್ಲ. ಬೂಷ್ಟಿನ ವಾಸನೆ ಬಂದ ಫೀಡ್ ಹಾಕಿದರೆ ಮೀನಿನ ಈಲಿಗೇ ಪೆಟ್ಟು. ಈಗ ನಾನು ತರುವುದು ಸಣ್ಣ ಪ್ಯಾಕೆಟ್, ಒಂದೂವರೆ ತಿಂಗಳಲ್ಲಿ ಮುಗಿಯುವಷ್ಟು ಮಾತ್ರ. ತಂದ ದಿನವೇ ಎರಡು ಭಾಗ ಮಾಡುತ್ತೇನೆ. ವಾರಕ್ಕಾಗುವಷ್ಟು ಹೊರಗಿನ ಸಣ್ಣ ಡಬ್ಬಿಗೆ, ಉಳಿದದ್ದು ಜಿಪ್ ಕವರಿನಲ್ಲಿ ಗಾಳಿ ತೆಗೆದು ಫ್ರಿಜ್‌ಗೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕವರ್ ಬಿಚ್ಚಬಾರದು. ಮಳೆಗಾಲದ ಗಾಳಿಗೆ ತಣ್ಣನೆಯ ಫೀಡ್ ಮೇಲೆ ನೀರು ಕೂರುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಬಿಚ್ಚಬೇಕು. ದುಬಾರಿ ‘ಕಲರ್’ ಫೀಡಿಗೆ ಬದಲಾಯಿಸುವ ಮೊದಲು ಇಷ್ಟು ಮಾಡಿ ನೋಡಿ. ಹಳೇ ಕಲರ್ ಫೀಡಿಗಿಂತ ಹೊಸ ಸಾದಾ ಫೀಡ್ ಎಷ್ಟೋ ಮೇಲು ಅನ್ನುವುದು ನನ್ನ ಲೆಕ್ಕ.

ಇದರ ಜೊತೆಗೆ ವಾರಕ್ಕೆ ಮೂರು ದಿನ ಮನೆಯಲ್ಲೇ ಮಾಡಿದ ಫೀಡ್. ಮಂಗಳೂರು ಕಡೆಯಿಂದ ಬರುವ ಸಣ್ಣ ಸಿಗಡಿ 200 ಗ್ರಾಂ, ಸಿಪ್ಪೆ ಸಮೇತ. ಸಿಪ್ಪೆ ಸುಲಿದು ಎಸೆದರೆ ಬಣ್ಣವನ್ನೇ ಎಸೆದ ಹಾಗೆ. ಬೂದು ಬಣ್ಣದ ಸಿಗಡಿ ಬಿಸಿನೀರಿಗೆ ಬಿದ್ದ ಕೂಡಲೇ ಕೆಂಪಾಗುತ್ತದಲ್ಲ, ಅದೇ ಅಸ್ಟಾಕ್ಸಾಂತಿನ್. ಪ್ರೋಟೀನಿಗೆ ಅಂಟಿಕೊಂಡಿದ್ದು ಬಿಸಿಗೆ ಬಿಡುಗಡೆಯಾಗಿ ಕಾಣುತ್ತದೆ. ಎರಡು ನಿಮಿಷ ಬೇಯಿಸಿದರೆ ಸಾಕು. ಒಣ ಸಿಗಡಿಯಾದರೆ ಉಪ್ಪು ಹೋಗುವ ಹಾಗೆ ನಾಲ್ಕೈದು ಸಲ ನೀರು ಬದಲಾಯಿಸಿ ನೆನೆಸಬೇಕು. ಕೆಂಪು ತಿರುಳಿನ ಸಿಹಿ ಕುಂಬಳ 100 ಗ್ರಾಂ, ಬೇಯಿಸಿದ್ದು. ಮನೆಯಲ್ಲಿ ಕುಂಬಳ ಕರಿ ಮಾಡುವ ದಿನ ಒಗ್ಗರಣೆಗೆ ಮೊದಲೇ ಒಂದು ಹೋಳು ನನ್ನ ಪಾಲಿಗೆ ಬರುತ್ತದೆ. ಒಂದು ಹಿಡಿ ಪಾಲಕ್, ಒಂದು ಚಮಚ ಬೀಜ ತೆಗೆದ ಬ್ಯಾಡಗಿ ಮೆಣಸಿನ ಪುಡಿ. ಬ್ಯಾಡಗಿಯಲ್ಲಿ ಖಾರ ಕಮ್ಮಿ, ಕ್ಯಾಪ್ಸಾಂತಿನ್ ಅನ್ನುವ ಕೆಂಪು ಜಾಸ್ತಿ. ಒಂದು ಚಮಚ ಒಣಗಿದ ಚೆಂಡುಹೂವಿನ ಎಸಳಿನ ಪುಡಿ, ಎರಡು ಚಮಚ ಸ್ಪಿರುಲಿನಾ.

ಎಲ್ಲವನ್ನೂ ನುಣ್ಣಗೆ ರುಬ್ಬುತ್ತೇನೆ, ಸ್ಪಿರುಲಿನಾ ಒಂದನ್ನು ಬಿಟ್ಟು. 10 ಗ್ರಾಂ ಚೈನಾ ಗ್ರಾಸ್ ಒಂದು ಲೋಟ ನೀರಿನಲ್ಲಿ ಕುದಿಸಿ ಕರಗಿಸಿ ಅದಕ್ಕೆ ಬೆರೆಸುತ್ತೇನೆ. ಕೈಗೆ ಹಿತವಾಗುವಷ್ಟು ಬಿಸಿ ಇಳಿದ ಮೇಲೆ ಸ್ಪಿರುಲಿನಾ, ಎರಡು ಮೀನೆಣ್ಣೆ ಕ್ಯಾಪ್ಸೂಲ್ ಚುಚ್ಚಿ ಹಿಂಡಿದ ಎಣ್ಣೆ. ಎಣ್ಣೆ ಬಿಡಬೇಡಿ. ಈ ಬಣ್ಣಗಳು ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಜಿಡ್ಡು ಇದ್ದರೇ ಮೈಗೆ ಹತ್ತುತ್ತದೆ. ತಟ್ಟೆಗೆ ತೆಳ್ಳಗೆ ಸುರಿದು, ಗಟ್ಟಿಯಾದ ಮೇಲೆ ಸಣ್ಣ ಚೌಕ ಕತ್ತರಿಸಿ ಫ್ರೀಜರ್‌ಗೆ. ಫ್ರೀಜರ್‌ನಲ್ಲಿ ಮಾಂಸದ ಪಕ್ಕ ಈ ಹಸಿರುಗೆಂಪು ಕವರ್ ನೋಡಿ ಮನೆಯವರು ಏನೇನೋ ಅಂದರು, ಅದನ್ನೆಲ್ಲ ಇಲ್ಲಿ ಬರೆಯುವುದು ಬೇಡ.

ಚೆಂಡುಹೂವು ಮನೆಯಂಗಳದ್ದೇ ಆಗಬೇಕು. ಮಾರುಕಟ್ಟೆಯ ಹಾರದ ಹೂವಿಗೆ ಏನೇನು ಹೊಡೆದಿರುತ್ತಾರೋ ಯಾರಿಗೆ ಗೊತ್ತು. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಇದೆ. ಮಳೆ ಹಿಡಿಯುವ ಮೊದಲು ಕಾಫಿಗೂ ಒಳ್ಳೆಮೆಣಸಿಗೂ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಗಿಡಕ್ಕೆ ಮದ್ದು, ಮೀನಿಗೆ ವಿಷ. ಆ ಸಮಯದಲ್ಲಿ ತೋಟದ ಹೂವು, ತೋಟದ ಗುಂಡಿಯ ಸೊಳ್ಳೆ ಮರಿ, ತೋಟಕ್ಕೆ ತಾಗಿದ ಮಾಡಿನಿಂದ ಇಳಿಯುವ ನೀರು ಯಾವುದೂ ಬೇಡ. ಸೊಳ್ಳೆ ಮರಿ ಒಳ್ಳೆಯ ಆಹಾರ ಹೌದು, ಮೀನು ಹುಚ್ಚೆದ್ದು ತಿನ್ನುತ್ತವೆ. ಆದರೆ ಮನೆ ಹತ್ತಿರ ನೀರು ನಿಲ್ಲಿಸಿ ಸೊಳ್ಳೆ ಬೆಳೆಸಿ ಡೆಂಗ್ಯೂ ತರಿಸಿಕೊಳ್ಳುವ ಉಸಾಬರಿ ನನಗೆ ಬೇಡ. ನಾನು ಬ್ರೈನ್ ಶ್ರಿಂಪ್ ಅನ್ನುವ ಪುಟ್ಟ ಸಿಗಡಿ ಜಾತಿಯ ಹುಳದ ಮೊಟ್ಟೆ ಉಪ್ಪುನೀರಿನಲ್ಲಿ ಮರಿ ಮಾಡಿ ಹಾಕುತ್ತೇನೆ, ಗಪ್ಪಿ ಮರಿಗಳಿಗೆ ಮುಖ್ಯವಾಗಿ. ಆ ಮರಿಗಳೇ ಕಿತ್ತಳೆ ಬಣ್ಣ ಇರುತ್ತವೆ.

ಎಷ್ಟು ಹಾಕಬೇಕು? ಎರಡು ನಿಮಿಷದಲ್ಲಿ ಖಾಲಿ ಆಗುವಷ್ಟು. ಬಣ್ಣ ಬೇಗ ಬರಲಿ ಅಂತ ಜಾಸ್ತಿ ಹಾಕಿದರೆ ನೀರು ಕೆಟ್ಟು, ಒದ್ದಾಟಕ್ಕೆ ಮೀನು ಇನ್ನೂ ಬಿಳಿಚಿಕೊಳ್ಳುತ್ತದೆ. ನಮ್ಮಲ್ಲಿ ಚಳಿಯನ್ನೂ ನೋಡಿಕೊಳ್ಳಬೇಕು. ಹೀಟರ್ ಹಾಕಿ 25 ಡಿಗ್ರಿ ಹತ್ತಿರ ಇಟ್ಟರೆ ಸ್ವೋರ್ಡ್‌ಟೇಲ್, ಪ್ಲಾಟಿ ಚೆನ್ನಾಗಿ ತಿಂದು ಅರಗಿಸುತ್ತವೆ. ನೀರು ತಣ್ಣಗಾದರೆ ಎಂಥ ಫೀಡ್ ಹಾಕಿದರೂ ಅಷ್ಟೆ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಹೀಟರೂ ಇಲ್ಲ, ಫಿಲ್ಟರೂ ಇಲ್ಲ. ಆ ದಿನಗಳಲ್ಲಿ ನಾನು ಫೀಡ್ ನಿಲ್ಲಿಸಿಬಿಡುತ್ತೇನೆ. ದೊಡ್ಡ ಮೀನು ಎರಡು ಮೂರು ದಿನ ಉಪವಾಸ ಇದ್ದರೆ ಏನೂ ಆಗದು.

ತಳಕ್ಕೆ ಬಿಳಿ ಕಲ್ಲು ಹಾಕಿದ್ದರೆ ತೆಗೆದು ಕಪ್ಪು ಮರಳು ಹಾಕಿ. ಹಿಂದಿನ ಗಾಜಿಗೂ ಕಪ್ಪು ಹಾಳೆ. ಮೀನು ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಮೈಬಣ್ಣ ತಿಳಿ, ಗಾಢ ಮಾಡಿಕೊಳ್ಳುತ್ತದೆ. ಇದರ ಫಲ ಕೆಲವೇ ದಿನದಲ್ಲಿ ಕಾಣುತ್ತದೆ. ಫೀಡಿನದು ಹಾಗಲ್ಲ, ಮೂರು ನಾಲ್ಕು ವಾರ ಕಾಯಬೇಕು. ನಮ್ಮಲ್ಲಿ ಮೊದಲು ಬದಲಾಗಿದ್ದು ಪ್ಲಾಟಿ, ಆಮೇಲೆ ಸ್ವೋರ್ಡ್‌ಟೇಲ್ ಬಾಲದ ಬುಡ. ಪ್ಯಾರಟ್ ಫಿಶ್ ಇಟ್ಟಿದ್ದ ಗೆಳೆಯರೊಬ್ಬರು ಇದೇ ಫೀಡ್ ಹಾಕಿ ಒಳ್ಳೆ ಕೆಂಪು ತರಿಸಿದರು, ಬೇಸರವಾಗಿ ನಿಲ್ಲಿಸಿದ ಮೇಲೆ ಅದು ಮತ್ತೆ ಹಳದಿಗೆ ತಿರುಗಿತು. ಒಮ್ಮೆ ಹಾಕಿ ಬಿಡುವ ಕೆಲಸ ಅಲ್ಲ ಇದು.

ಅಂಗಡಿಯಲ್ಲೇ ಅತಿಯಾಗಿ ಹೊಳೆಯುವ ಮರಿಗಳನ್ನು ಕಂಡರೆ ಸ್ವಲ್ಪ ಎಚ್ಚರ. ಎಳೇ ಮೀನಿಗೆ ಹಾರ್ಮೋನ್ ಕೊಟ್ಟು ಬೇಗ ಬಣ್ಣ ಬರಿಸುವುದುಂಟು. ಗ್ಲಾಸ್ ಫಿಶ್‌ನಂಥವಕ್ಕೆ ಸೂಜಿಯಲ್ಲಿ ಬಣ್ಣ ಚುಚ್ಚುವುದೂ ಉಂಟು. ಆ ಬಣ್ಣ ಹೋದರೆ ಯಾವ ಫೀಡಿಗೂ ವಾಪಸ್ ಬರುವುದಿಲ್ಲ. ನಾನು ತರುವುದು ಮಾಸಲಾಗಿದ್ದರೂ ಚುರುಕಾಗಿ ಓಡಾಡುವ ಮರಿ, ಬೆಲೆಯೂ ಕಮ್ಮಿ ಅಲ್ವಾ.