ನರಕೋಶದಲ್ಲಿ ಒಂದು ಪ್ರೋಟೀನ್ ಮೈಕ್ರೋಟ್ಯೂಬ್ಯೂಲ್‌ಗೆ ಏನ್ ಮಾಡ್ತಿದೆ ಅಂತ ಪತ್ತೆ ಹಚ್ಚೋದು ಹೇಗೆ

ಮೊದ್ಲನೇದಾಗಿ ಸ್ಟೆಬಿಲೈಸರ್ (ಗಟ್ಟಿ ಮಾಡೋದು), ಡಿಸ್ಟೆಬಿಲೈಸರ್ (ಕುಸಿಯೋ ಹಾಗೆ ಮಾಡೋದು) ಅಂತ ಎರಡೇ ಗುಂಪು ಮಾಡಿ ಸಿಕ್ಕ ಪ್ರೋಟೀನನ್ನೆಲ್ಲ ಅದ್ರೊಳಗೆ ತುಂಬೋದು ಬಿಡಿ. ಮೈಕ್ರೋಟ್ಯೂಬ್ಯೂಲ್ ಅಂದ್ರೆ ಟ್ಯೂಬ್ಯುಲಿನ್ ಅನ್ನೋ ಪ್ರೋಟೀನ್ ಒಂದಕ್ಕೊಂದು ಜೋಡಿಸ್ಕೊಂಡು ಆಗೋ, ಕೋಶದೊಳಗಿನ ಸಣ್ಣ ಕೊಳವೆ. ಅದು ಬೆಳೀತಾ ಬೆಳೀತಾ ಇದ್ದಕ್ಕಿದ್ದಂಗೆ ಕುಸಿಯತ್ತೆ, ಅದು ಕೆಟಾಸ್ಟ್ರಫಿ, ಕುಸೀತಿದ್ದದ್ದು ತಿರುಗಿ ಬೆಳೆಯೋಕೆ ಶುರು ಮಾಡಿದ್ರೆ ರೆಸ್ಕ್ಯೂ, ಇದನ್ನೇ ಮಿಚಿಸನ್ ಮತ್ತೆ ಕಿರ್ಶ್ನರ್ 1984ರಲ್ಲಿ ಡೈನಾಮಿಕ್ ಇನ್‌ಸ್ಟೆಬಿಲಿಟಿ ಅಂದಿದ್ದು. ಬೆಳೆಯೋ ಸ್ಪೀಡ್, ಕುಸಿಯೋ ಸ್ಪೀಡ್, ಕೆಟಾಸ್ಟ್ರಫಿ ಎಷ್ಟು ಸಲ, ರೆಸ್ಕ್ಯೂ ಎಷ್ಟು ಸಲ, ಈ ನಾಲ್ಕರಲ್ಲಿ ನಿಮ್ಮ ಪ್ರೋಟೀನ್ ಯಾವ್ದನ್ನ ಮುಟ್ತಿದೆ ಅನ್ನೋದೇ ನಿಜವಾದ ಪ್ರಶ್ನೆ.

ಆಮೇಲೆ ಅದು ಎಲ್ಲಿ ಕೂರತ್ತೆ ನೋಡಿ. ಇಬಿ1, ಇಬಿ3 ಪ್ರೋಟೀನ್‌ಗಳು ಬೆಳೀತಿರೋ ಪ್ಲಸ್ ತುದಿ ಹಿಡೀತವೆ, ಕ್ಯಾಮ್‌ಸ್ಯಾಪ್‌ಗಳು ಇನ್ನೊಂದು ಕಡೆಯ ಮೈನಸ್ ತುದಿ ಕಾಯ್ತವೆ, ಟೌ ಮತ್ತೆ ಮ್ಯಾಪ್2 ಕೊಳವೆಯ ಉದ್ದಕ್ಕೂ ಅಂಟ್ಕೊಳ್ತವೆ, ಟೌ ಹೆಚ್ಚಾಗಿ ಆಕ್ಸಾನ್‌ನಲ್ಲಿ (ಸಂದೇಶ ಹೊರಗೆ ಒಯ್ಯೋ ಉದ್ದ ಎಳೆ), ಮ್ಯಾಪ್2 ಡೆಂಡ್ರೈಟ್‌ನಲ್ಲಿ (ಸಂದೇಶ ತಗೊಳ್ಳೋ ಕೊಂಬೆ). ಸ್ಟಾತ್‌ಮಿನ್ ಒಂದೊಂದೂ ಎರಡೆರಡು ಟ್ಯೂಬ್ಯುಲಿನ್ ಡೈಮರ್ (ಕೊಳವೆ ಕಟ್ಟೋ ಜೋಡಿ ಘಟಕ) ಹಿಡ್ಕೊಂಡು ಬೆಳವಣಿಗೆಗೆ ಸಿಗ್ದಂಗೆ ಮಾಡತ್ತೆ. ಕೆಐಎಫ್2ಎ ತುದಿಯಿಂದ ಬಿಚ್ಚತ್ತೆ, ಸ್ಪಾಸ್ಟಿನ್ ಮತ್ತೆ ಕೆಟಾನಿನ್ ಮಧ್ಯದಲ್ಲೇ ಕತ್ತರಿಸ್ತವೆ. ಕತ್ತರಿಸಿದ್ರೆ ನಾಶ ಅಂದ್ಕೋಬೇಡಿ, ಒಂದಿದ್ದದ್ದು ಎರಡು ತುಂಡಾಗಿ ಎರಡೂ ಬೆಳೆದ್ರೆ ಒಟ್ಟು ಮೈಕ್ರೋಟ್ಯೂಬ್ಯೂಲ್ ಜಾಸ್ತಿನೇ ಆಗ್ಬಹುದು. ಟೌ ವಿಷಯದಲ್ಲೂ ಹಾಗೇ, ಎಲ್ಲಾ ಕಡೆ ಸ್ಟೆಬಿಲೈಸರ್ ಅಂತ ಬರೀತಾರೆ, ಆದ್ರೆ ಅದು ಆಕ್ಸಾನ್‌ನಲ್ಲಿ ಹೆಚ್ಚಾಗಿರೋದು ಬೇಗ ಬದಲಾಗೋ ಭಾಗದಲ್ಲಿ, ಗಟ್ಟಿ ಭಾಗ ನೋಡ್ಕೊಳ್ಳೋ ಕೆಲ್ಸಕ್ಕೆ ಮ್ಯಾಪ್6 ಇದೆ.

ಈಗ ಲೈವ್ ಇಮೇಜಿಂಗ್. ಆಕ್ಸಾನ್‌ನಲ್ಲಿ ಮೈಕ್ರೋಟ್ಯೂಬ್ಯೂಲ್‌ಗಳು ಒತ್ತೊತ್ತಾಗಿ ಇರ್ತವೆ, ಒಂದೊಂದರ ದಪ್ಪ ಸುಮಾರು 25 ನ್ಯಾನೋಮೀಟರ್ ಅಷ್ಟೇ, ಮಾಮೂಲಿ ಫ್ಲೋರೊಸೆನ್ಸ್‌ನಲ್ಲಿ ಬಿಡಿಬಿಡಿಯಾಗಿ ಕಾಣಲ್ಲ, ಅದಕ್ಕೇ ಇಬಿ3-ಜಿಎಫ್‌ಪಿ (ಹಸಿರಾಗಿ ಹೊಳೆಯೋ ಪ್ರೋಟೀನ್ ಅಂಟಿಸಿದ ಇಬಿ3) ಹಾಕೋದು, ಬೆಳೀತಿರೋ ತುದಿ ಮಾತ್ರ ಧೂಮಕೇತು (ಕಾಮೆಟ್) ಥರ ಬಾಲ ಬಿಟ್ಕೊಂಡು ಓಡೋದು ಕಾಣತ್ತೆ. ಎಕ್ಸ್‌ಪ್ರೆಶನ್ ಕಮ್ಮಿ ಇರೋ, ಅಂದ್ರೆ ಇಬಿ3-ಜಿಎಫ್‌ಪಿ ಕಮ್ಮಿ ತಯಾರಾಗ್ತಿರೋ ಸೆಲ್‌ಗಳನ್ನೇ ಆರಿಸಿ, ಜಾಸ್ತಿ ಆದ್ರೆ ಇಬಿ3 ಕೊಳವೆ ಪೂರ್ತಿ ಮೆತ್ಕೊಂಡು ಡೈನಾಮಿಕ್ಸನ್ನೇ ಕೆಡಿಸತ್ತೆ. ಸಸ್ತನಿ ನ್ಯೂರಾನ್ ಆದ್ರೆ ಮೈಕ್ರೋಸ್ಕೋಪ್ ಸ್ಟೇಜ್ 37 ಡಿಗ್ರಿಯಲ್ಲೇ ಇರ್ಲಿ, ತಣ್ಣಗಾದ್ರೆ ನಂಬರ್‌ಗಳಿಗೆ ಅರ್ಥ ಇರಲ್ಲ. ಒಂದೆರಡು ಸೆಕೆಂಡಿಗೊಂದು ಫ್ರೇಮ್, ಲೇಸರ್ ಆದಷ್ಟು ಕಮ್ಮಿ.

ಸೆಲ್ ಬಾಡಿಯಿಂದ ತುದಿ ಕಡೆಗೆ ಗೆರೆ ಎಳೆದು ಕೈಮೋಗ್ರಾಫ್ ಮಾಡಿ, ದೂರ ಅಡ್ಡಕ್ಕೆ ಟೈಮ್ ಉದ್ದಕ್ಕೆ. ಓರೆ ಗೆರೆ ಎಷ್ಟು ವಾಲಿದೆ ಅನ್ನೋದ್ರಿಂದ ಸ್ಪೀಡ್ ಸಿಗತ್ತೆ, ಯಾವ ಕಡೆ ವಾಲಿದೆ ಅನ್ನೋದ್ರಿಂದ ದಿಕ್ಕು. ಆಕ್ಸಾನ್‌ನಲ್ಲಿ ಹೆಚ್ಚುಕಮ್ಮಿ ಎಲ್ಲಾ ಕಾಮೆಟ್‌ಗಳೂ ಹೊರಗಡೆ ಹೋಗ್ಬೇಕು, ಸಸ್ತನಿಗಳ ಡೆಂಡ್ರೈಟ್‌ನಲ್ಲಿ ಎರಡೂ ಕಡೆ ಓಡ್ತವೆ. ಆಕ್ಸಾನ್ ಅಂದ್ಕೊಂಡಿರೋದ್ರಲ್ಲಿ ತುಂಬಾ ಕಾಮೆಟ್ ಒಳಗಡೆ ಬರ್ತಿದ್ರೆ ಅದು ಆಕ್ಸಾನ್ ಹೌದಾ ಅಂತ ಮೊದ್ಲು ಚೆಕ್ ಮಾಡಿ.

ಎಡವೋದು ಇಲ್ಲೇ. ಕಾಮೆಟ್ ಮಾಯ ಆದ ತಕ್ಷಣ ಕೆಟಾಸ್ಟ್ರಫಿ ಅಂತ ಎಣಿಸೋರು ಬಹಳ ಜನ, ಆದ್ರೆ ಬೆಳವಣಿಗೆ ಸುಮ್ನೆ ನಿಂತ್ರೂ, ಫೋಕಸ್ ಬಿಟ್ಟು ಹೋದ್ರೂ ಅದು ಮಾಯ ಆಗತ್ತೆ. ಕುಸಿಯೋ ಸ್ಪೀಡ್, ರೆಸ್ಕ್ಯೂ ಎರಡೂ ಇಬಿ3ಯಲ್ಲಿ ನೇರವಾಗಿ ಕಾಣಲ್ಲ. ಹಾಗಾಗಿ ಕ್ಲಾಸ್ಪ್ ಥರ ರೆಸ್ಕ್ಯೂ ಹೆಚ್ಚಿಸೋ ಪ್ರೋಟೀನ್ ಆದ್ರೆ ಬರೀ ಕಾಮೆಟ್ ನೋಡಿ ತೀರ್ಮಾನ ಮಾಡೋಕಾಗಲ್ಲ, ಗ್ರೋತ್ ಕೋನ್ (ಬೆಳೀತಿರೋ ಎಳೆಯ ತುದಿ) ಅಂಚಿಗೆ ಹೋಗಿ ಫ್ಲೋರೊಸೆಂಟ್ ಟ್ಯೂಬ್ಯುಲಿನ್ ಹಾಕಿ ನೋಡಿ, ಅಲ್ಲಿ ಮೈಕ್ರೋಟ್ಯೂಬ್ಯೂಲ್ ಬಿಡಿಬಿಡಿಯಾಗಿ ಸಿಗತ್ತೆ.

ಕಂಟ್ರೋಲ್‌ಗೆ ಒಂದು ಡಿಶ್‌ಗೆ ನೊಕೊಡಜೋಲ್ (ಮೈಕ್ರೋಟ್ಯೂಬ್ಯೂಲ್ ಬಿಚ್ಚಿಸೋ ಔಷಧ), ಇನ್ನೊಂದಕ್ಕೆ ಟ್ಯಾಕ್ಸಾಲ್ (ಗಟ್ಟಿ ಹಿಡಿಯೋ ಔಷಧ) ಜಾಸ್ತಿ ಡೋಸ್‌ನಲ್ಲಿ ಹಾಕಿ. ಎರಡ್ರಲ್ಲೂ ಕಾಮೆಟ್ ನಿಲ್ಲತ್ತೆ, ಕಾರಣ ಮಾತ್ರ ಪೂರ್ತಿ ಉಲ್ಟಾ, ಅಂದ್ರೆ ಬರೀ ಕಾಮೆಟ್ ಕಮ್ಮಿ ಆಯ್ತು ಅನ್ನೋದ್ರಿಂದ ಏನೂ ಗೊತ್ತಾಗಲ್ಲ, ಜೊತೆಗೆ ಒಟ್ಟು ಪಾಲಿಮರ್ (ಕೊಳವೆಯಾಗಿ ಕೂಡಿರೋ ಟ್ಯೂಬ್ಯುಲಿನ್) ಎಷ್ಟಿದೆ ಅಂತಾನೂ ಅಳೀರಿ. ಪ್ರೋಟೀನನ್ನ ಎಸ್‌ಐಆರ್‌ಎನ್‌ಎಯಿಂದ (ಅದು ತಯಾರಾಗೋದನ್ನ ತಡೆಯೋ ಸಣ್ಣ ಆರ್‌ಎನ್‌ಎ) ಇಳಿಸಿದ್ರೆ, ಆ ಎಸ್‌ಐಆರ್‌ಎನ್‌ಎಗೆ ಬಗ್ಗದ ರೂಪವನ್ನ ವಾಪಸ್ ಹಾಕಿ ಸ್ಪೀಡ್ ಮೊದಲಿನ ಮಟ್ಟಕ್ಕೆ ಬರತ್ತಾ ನೋಡಿ, ಬಂದಿಲ್ಲ ಅಂದ್ರೆ ಆ ಬದಲಾವಣೆಗೆ ನಿಮ್ಮ ಪ್ರೋಟೀನೇ ಕಾರಣ ಅಂತ ಇನ್ನೂ ಬರೆಯೋ ಹಾಗಿಲ್ಲ.